ಪಾರಾದವನ ಚಹಾ

ಜೋಡೂರು,
ಮುಚ್ಚುಹೊತ್ತಿನ ಎಪ್ಪತ್ತನೆಯ ವರ್ಷ, ಉರಿತಿಂಗಳ ನಲವತ್ತೊಂದನೆಯ ದಿನ

ಹಳೇ ನಿಲ್ದಾಣದ ಹಿಂದೆ ನಿಲ್ಲುವ ಅಣ್ಣಂದಿರಿಗೆ,

ಮೇಲಿನ ದಿನಾಂಕ ನೋಡಿ ಯಾರೋ ಕುಚೋದ್ಯಕ್ಕೆ ಬರೆದಿದ್ದಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಬೇಸಿಗೆಗೆಂದೇ ಒಂದು ತಿಂಗಳನ್ನು ಹೆಚ್ಚಾಗಿ ಸೇರಿಸಿದ್ದಾರೆ. ಅದಕ್ಕೆ ಉರಿತಿಂಗಳು ಎಂದು ಹೆಸರು. ಮೊದಲ ಮಳೆ ಬಿದ್ದ ದಿನ ಅದು ಮುಗಿಯುತ್ತದೆ, ಬೀಳದಿದ್ದರೆ ಮುಂದುವರಿಯುತ್ತದೆ. ಆದ್ದರಿಂದ ನಮಗೆ ನಲವತ್ತೊಂದನೆಯ ತಾರೀಖು ವಿಚಿತ್ರವಲ್ಲ. ಮುಚ್ಚುಹೊತ್ತು ಎಂದರೆ ಹಗಲು ಹನ್ನೊಂದರಿಂದ ಐದರವರೆಗೆ ಬೀದಿಗಳನ್ನು ಮುಚ್ಚುವ ಪದ್ಧತಿ. ಆ ಕಾಯಿದೆ ಬಂದ ವರ್ಷದಿಂದ ನಾವು ವರ್ಷಗಳನ್ನು ಎಣಿಸುತ್ತೇವೆ. ನಿಮ್ಮ ಲೆಕ್ಕದಲ್ಲಿ ಇದು ಸುಮಾರು ನೂರಿಪ್ಪತ್ತು ವರ್ಷ ಮುಂದಿನ ಮಾತು. ನೀವು ಹುಬ್ಬಳ್ಳಿ, ಧಾರವಾಡ ಎಂದು ಎರಡು ಹೆಸರಿನಿಂದ ಕರೆಯುವ ಊರುಗಳು ಬೆಳೆದು ಒಂದಕ್ಕೊಂದು ತಾಗಿದ ಮೇಲೆ ಜೋಡೂರಾಗಿವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಹೊಸವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕಗಳಿಂದ ಕಲಿತವನು. ಎಲ್ಲೋ ಹಳೆಯದು, ಎಲ್ಲೋ ಹೊಸದು ಬೆರೆತಿರಬಹುದು. ಅಣ್ಣಂದಿರು ಎಂದು ಕರೆದದ್ದಕ್ಕೂ ಕ್ಷಮೆ ಇರಲಿ, ನಿಮ್ಮಲ್ಲಿ ಕೆಲವರು ನನಗಿಂತ ಚಿಕ್ಕವರೇ ಇದ್ದೀರಿ.

ಸಾಹಿತ್ಯ ಓದಿ ಪದವಿ ಪಡೆಯುವ ಪ್ರತಿಯೊಬ್ಬರೂ ಒಂದು ಹಿಂದೋಲೆ ಬರೆಯಬೇಕೆಂಬುದು ನಮ್ಮ ವಿಶ್ವವಿದ್ಯಾಲಯದ ನಿಯಮ. ಹಿಂದೋಲೆ ಎಂದರೆ ಹಿಂದಿನ ಕಾಲದವರಿಗೆ ಬರೆಯುವ ಕಾಗದ. ಅದು ತಲುಪುತ್ತದೆಂದು ಯಾರೂ ನಂಬುವುದಿಲ್ಲ. ನನ್ನ ಸಹಪಾಠಿಗಳು ದೊಡ್ಡ ದೊಡ್ಡ ರಾಜರಿಗೆ, ಕವಿಗಳಿಗೆ ಬರೆದರು. ಮೇಷ್ಟರು ನನ್ನನ್ನು ಯಾರಿಗೆ ಬರೆಯುತ್ತೀ ಎಂದು ಕೇಳಿದಾಗ ನಾನು ಎದ್ದು ನಿಂತು ನೆಲ ನೋಡಿದೆ. ತರಗತಿಯಲ್ಲಿ ಹೇಳಲು ನಾಚಿಕೆಯಾಯಿತು. ಈಗ ಕಾಗದದ ಮುಂದೆ ಆ ನಾಚಿಕೆ ಇಲ್ಲ. ನಾನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನೀವು ಪ್ರೀತಿಯಿಂದ ಶುರು ಮಾಡಿದ ಒಂದು ಪದ್ಧತಿ ನಮ್ಮವರೆಗೆ ಬಂದಿದೆ, ಮತ್ತು ಹೋದ ವರ್ಷ ಅದರಿಂದ ಒಬ್ಬ ಮನುಷ್ಯನನ್ನು ನಾವು ಕಳೆದುಕೊಳ್ಳುವುದರಲ್ಲಿದ್ದೆವು.

ಮೊದಲು ನಮ್ಮ ಬೀದಿಯ ವಿಷಯ. ನಿಲ್ದಾಣ ಈಗಲೂ ಇದೆ. ಬಸ್ಸುಗಳಿಗೆ ಚಾಲಕರಿಲ್ಲ, ಆದರೆ ಸೀಟಿಗಾಗಿ ಕಿಟಕಿಯಿಂದ ಟವೆಲು ಎಸೆಯುವವರು ಇದ್ದಾರೆ. ಸಂಜೆ ಐದಕ್ಕೆ ಬೀದಿ ತೆರೆದ ಕೂಡಲೇ ಜನ ನೀರು ಬಿಟ್ಟ ಹಾಗೆ ಹೊರಗೆ ನುಗ್ಗುತ್ತಾರೆ. ತರಕಾರಿ, ಮಿರ್ಚಿ, ಹೂವು, ನೀರಿನ ಚೀಟಿ, ಎಲ್ಲದರ ಮಾರಾಟವೂ ಒಂಬತ್ತರವರೆಗಿನ ಆ ನಾಲ್ಕು ತಾಸಿನಲ್ಲೇ. ನಿಲ್ದಾಣದ ಹಿಂಗೋಡೆಯ ಉದ್ದಕ್ಕೂ ಕಂಬಕ್ಕೊಬ್ಬರಂತೆ ಗಂಡಸರು ನಿಲ್ಲುತ್ತಾರೆ. ಅವರ ಹತ್ತಿರ ಬರುವವರು ಯಾರು, ಯಾಕೆ ಬರುತ್ತಾರೆ ಎಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಮೈ ಮಾರುವ ಈ ಕಸುಬು ನಮ್ಮಲ್ಲಿ ಅಪರಾಧವಲ್ಲ. ಪೊಲೀಸರು ಲಾಠಿ ಎತ್ತುವುದಿಲ್ಲ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಉಚಿತ, ಮೈಗೆ ಅಂಟುವ ರೋಗಗಳಲ್ಲಿ ಹೆಚ್ಚಿನವಕ್ಕೆ ಮದ್ದಿದೆ. ಇಷ್ಟನ್ನು ಧೈರ್ಯವಾಗಿ ಹೇಳುತ್ತೇನೆ, ನೀವು ಕೇಳಿ ಸಂತೋಷಪಡಬೇಕು. ಆದರೆ ಕಾಯಿದೆ ಬದಲಾದಷ್ಟು ಬೇಗ ಗಂಡಸರ ಬಾಯಿ ಬದಲಾಗಲಿಲ್ಲ. ಹೊಡೆತ ತಿಂದವನು ಇವತ್ತಿಗೂ ಹೊಡೆತ ತಿಂದೆ ಎನ್ನುವುದಿಲ್ಲ, ಬಿದ್ದೆ ಎನ್ನುತ್ತಾನೆ.

ನನ್ನನ್ನು ಪದವಿಯ ಕೊನೆಯಲ್ಲಿ ಎರಡು ವರ್ಷದ ಕೆಲಸಕ್ಕೆ ಅಲ್ಲಿಯ ಕೂರುಮನೆಗೆ ಕಳಿಸಿದರು. ಕೂರುಮನೆ ಎಂದರೆ ಮನಸ್ಸು ಕುಸಿದವರು ಬಂದು ಕೂರುವ ಮನೆ. ಪ್ರತಿ ವಾರ್ಡಿನಲ್ಲೂ ಒಂದಿದೆ. ಒಳಗೆ ಬಂದವರನ್ನು ಮೊದಲ ಒಂದು ತಾಸು ಯಾರೂ ಏನೂ ಕೇಳಬಾರದು. ಮೂಲೆಯಲ್ಲಿ ನೀರಿನ ಹಂಡೆ, ಗೋಡೆಗೆ ಒರಗಲು ದಿಂಬು, ಒಳಕೋಣೆಯಲ್ಲಿ ಡಾಕ್ಟರ್ ಕಮಲಾಕ್ಷಿ. ಆ ಬೀದಿಯ ಗಂಡಸರು ಅಲ್ಲಿಗೆ ಬರುತ್ತಿದ್ದರು, ಆದರೆ ಮೊದಲ ಎಂಟು ತಿಂಗಳಲ್ಲಿ ಒಬ್ಬನೂ ದುಃಖ ಎಂಬ ಮಾತನ್ನು ಬಳಸಿದ್ದನ್ನು ನಾನು ಕೇಳಲಿಲ್ಲ. ಬೆನ್ನು ಹಿಡಿದಿದೆ ಎನ್ನುತ್ತಿದ್ದರು. ಹೊಟ್ಟೆಯಲ್ಲಿ ಉರಿ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಕಾಲು ತಣ್ಣಗಾಗುತ್ತದೆ ಎನ್ನುತ್ತಿದ್ದರು. ಡಾಕ್ಟರು ಒಂದು ಮಾತಿಗೂ ಎದುರಾಡುತ್ತಿರಲಿಲ್ಲ. “ಮೊದಲ ಬೆನ್ನಿಗೆ ಮುಲಾಮ ಹಚ್ಚೂನು. ಉಳಿದದ್ದು ತಾನ ಹೊರಗ ಬರ್ತೈತಿ” ಎಂದು ನನಗೆ ಹೇಳುತ್ತಿದ್ದರು.

ನನ್ನ ಕೆಲಸ ಪತ್ರ ಬರೆಯುವುದು. ನಮ್ಮ ಕಾಲದಲ್ಲಿ ಯಂತ್ರದ ಮೂಲಕ ಹೇಳಿದ್ದನ್ನು ಬೇರೆ ಯಾರಾದರೂ ಕೇಳಬಹುದು. ಆದ್ದರಿಂದ ಮುಚ್ಚಿಡಬೇಕಾದದ್ದು ಇರುವವರು ಮತ್ತೆ ಕಾಗದಕ್ಕೆ ಮರಳಿದ್ದಾರೆ. ಒಬ್ಬೊಬ್ಬರೇ ಬಂದು ನನ್ನೆದುರು ಕೂತು ಊರಿಗೆ ಪತ್ರ ಬರೆಸುತ್ತಿದ್ದರು. ಅವರು ಹೇಳಿದ್ದನ್ನು ಬೇರೆಯವರಿಗೆ ಹೇಳುವುದಿಲ್ಲ ಎಂದು ನಾನು ಮೊದಲ ದಿನವೇ ಪ್ರಮಾಣ ಮಾಡಿದ್ದೆ. ಪತ್ರಗಳಲ್ಲಿ ಒಬ್ಬ ಹೋಟೆಲಿನ ಮ್ಯಾನೇಜರ್, ಇನ್ನೊಬ್ಬ ಗೋದಾಮಿನ ಕಾವಲುಗಾರ, ಮತ್ತೊಬ್ಬ ಮದುವೆಗೆ ಚಪ್ಪರ ಹಾಕುವವನು. ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ. ಅವರು ನನ್ನನ್ನು ಮಾಸ್ತರ ಎಂದು ಕರೆದು ಕಾಲೆಳೆಯುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಕಾಲೆಳೆಯುತ್ತಿದ್ದವನು ಇಪ್ಪತ್ತಾರು ವರ್ಷದ ಕಲ್ಮೇಶ. “ಮಾಸ್ತರ ನನ್ನ ಮಾರಿ ನೋಡಿ ಮಾತಾಡಿದ ದಿನ ನಾ ಧಂದೆ ಬಿಟ್ಟ ಸನ್ಯಾಸಿ ಆಗ್ತೇನಿ” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ಪೆನ್ನಿನ ಹಿಂದೆ ನಗುತ್ತಿದ್ದೆ.

ಈ ಪತ್ರಕ್ಕೆ ಕಾರಣನಾದವನ ಹೆಸರು ಯಮನೂರ. ವಯಸ್ಸು ಮೂವತ್ತಾರು. ಆರನೆಯ ಕಂಬದ ಹತ್ತಿರ ಹತ್ತು ವರ್ಷದಿಂದ ನಿಲ್ಲುತ್ತಿದ್ದ. ತಂದೆತಾಯಿ ಇಲ್ಲ, ಬೆಣ್ಣೆಹಳ್ಳದ ದಂಡೆಯ ಒಂದು ಊರಿನಲ್ಲಿ ಅಕ್ಕ ಇದ್ದಾಳೆ. ಅವಳಿಗೆ ಹದಿನೈದು ದಿನಕ್ಕೊಂದು ಪತ್ರ. ಅದು ಪತ್ರವಲ್ಲ, ಊಟದ ಎಲೆ. ಸೋಮವಾರ ಏನು ಉಂಡೆ, ಮಂಗಳವಾರ ಏನು ಉಂಡೆ, ಇಲ್ಲಿಯ ಝುಣಕದಲ್ಲಿ ಬೆಳ್ಳುಳ್ಳಿ ಕಡಿಮೆ, ನಿನ್ನ ಕೈಯ ಪುಂಡಿಪಲ್ಯ ನೆನಪಾಯಿತು. ಒಮ್ಮೆ ನಾನು ಧೈರ್ಯ ಮಾಡಿ, ಬೇರೆ ಸುದ್ದಿ ಏನಾದರೂ ಬರೆಯೋಣವೇ ಎಂದು ಕೇಳಿದ್ದೆ. “ನಾ ಉಂಡೇನಿ ಅಂದ್ರ ಸಾಕ್ರೀ ಮಾಸ್ತರ. ನಮ್ಮಕ್ಕ ಅದನ್ನ ಓದಿ ಹೊಟ್ಟಿ ತುಂಬಿಸ್ಕೋತಾಳ” ಎಂದಿದ್ದ.

ಉರಿತಿಂಗಳ ಮೊದಲ ವಾರದಲ್ಲಿ ಅವನು ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಬಂದ. ತುಟಿ ಒಡೆದಿತ್ತು. ಬಸ್ಸಿನಿಂದ ಬಿದ್ದೆ ಎಂದ. ಕಲ್ಮೇಶ ಬಿಡಲಿಲ್ಲ. “ನೀ ಬಸ್ಸಿಂದ ಬಿದ್ಯೋ, ಬಸ್ಸ ನಿನ್ನ ಮ್ಯಾಲ ಬಿತ್ತೋ? ಸರಿಯಾಗಿ ಹೇಳೋ, ಪಾಪ ಬಸ್ಸಿಗೆ ಎಷ್ಟ ಪೆಟ್ಟಾಗೇತಿ ಕೇಳಬೇಕು.” ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಯಮನೂರನೂ ನಕ್ಕ. ಒಡೆದ ತುಟಿಯಿಂದ ನಗುವುದು ಕಷ್ಟವಾಗಿ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕದ್ದನ್ನು ನಾನು ನೋಡಿದೆ.

ಅದಾದ ಒಂಬತ್ತನೆಯ ದಿನ ಅವನು ಅಕ್ಕನಿಗೆ ಪತ್ರ ಬರೆಸಿದ. ಪ್ರಮಾಣ ಮಾಡಿದವನಾದ್ದರಿಂದ ಅದರಲ್ಲಿ ಏನಿತ್ತೆಂದು ನಿಮಗೂ ಹೇಳಲಾರೆ. ಅದು ಚಿಕ್ಕದಾಗಿತ್ತು, ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ ಪತ್ರದಂತೆ ಇತ್ತು ಎಂದಷ್ಟೇ ಹೇಳಬಹುದು. ನಾನು ಬರೆದು ಮುಗಿಸಿ ಅವನಿಗೆ ಓದಿ ಹೇಳಿದೆ. ನಡುವೆ ಎರಡು ವಾಕ್ಯಗಳನ್ನು ತಿದ್ದಿ ಇನ್ನಷ್ಟು ಚೆನ್ನಾಗಿ ಮಾಡಿದೆ. “ಯಮನೂರಣ್ಣ, ಈ ಸಲದ ಪತ್ರ ಬಹಳ ಚಂದ ಬಂದದ. ಒಂದು ಮಾತೂ ಹೆಚ್ಚಿಗಿಲ್ಲ” ಎಂದೆ. ಐದು ವರ್ಷ ಸಾಹಿತ್ಯ ಓದಿದ ನಾನು ಹೀಗೆ ಹೇಳಿದೆ. ಅವನು “ಹೌದೇನ್ರಿ” ಎಂದು ಎದ್ದು ಹೋದ. ಮರುದಿನ ಬೀದಿಗೆ ಬರಲಿಲ್ಲ.

ಇಲ್ಲಿ ನಿಮ್ಮ ಪದ್ಧತಿಯ ವಿಷಯ ಬರುತ್ತದೆ. ಅದರ ಹೆಸರು ಪಾರಾದವನ ಚಹಾ. ನಿಲ್ಲುವ ಗಂಡಸೊಬ್ಬ ನಾಲ್ಕು ದಿನ ಬರದಿದ್ದರೆ ಅವನನ್ನು ಹುಡುಕಬಾರದು. ಎಲ್ಲಿ ಹೋದ ಎಂದು ಕೇಳಬಾರದು. ಐದನೆಯ ದಿನ ಸಂಜೆ ನಮ್ಮ ಬೀದಿಯ ನೀಲವ್ವನ ಚಹಾದಂಗಡಿಯಲ್ಲಿ ಎಲ್ಲರೂ ಸೇರಿ ಅವನ ಹೆಸರಿನಲ್ಲಿ ಒಂದೊಂದು ಲೋಟ ಚಹಾ ಕುಡಿಯಬೇಕು. ಹಿರಿಯನೊಬ್ಬ “ಪಾರಾದ” ಎಂದು ಹೇಳಬೇಕು. ಅಲ್ಲಿಂದ ಮುಂದೆ ಅವನ ಹೆಸರು ಎತ್ತುವಂತಿಲ್ಲ, ಎತ್ತಿದರೆ ಅವನು ಮತ್ತೆ ಈ ಗೋಡೆಗೆ ಬಂದು ನಿಲ್ಲಬೇಕಾಗುತ್ತದೆ ಎಂಬ ನಂಬಿಕೆ. ಎಲ್ಲಾದರೂ ಸಂತೆಯಲ್ಲಿ ಹೆಂಡತಿಯ ಜೊತೆ ಎದುರಾದರೆ ಗುರುತೇ ಇಲ್ಲದಂತೆ ಹೋಗಬೇಕು. ಇದು ನಿಮ್ಮ ಕಾಲದ ಯಾರೋ ಒಬ್ಬರು ಮಾಡಿದ್ದು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಯಾಕೆ ಮಾಡಿದಿರೆಂದು ನನಗೆ ಅರ್ಥವಾಗುತ್ತದೆ. ಬೇರೆ ಕೆಲಸ ಸಿಕ್ಕು, ಮದುವೆಯಾಗಿ, ಊರು ಸೇರಿ ಬದುಕಿಕೊಂಡವನ ಬೆನ್ನು ಹತ್ತಬಾರದು ಎಂಬ ಕರುಣೆ ಅದರಲ್ಲಿದೆ. ಸೆರೆಮನೆಯಿಂದ ಒಬ್ಬ ಹೊರಬಿದ್ದಾಗ ಒಳಗಿನವರು ಸಂಭ್ರಮಪಡುವ ಹಾಗೆ ನೀವು ಚಹಾ ಕುಡಿದಿರಿ.

ಐದನೆಯ ದಿನ ಯಮನೂರನ ಚಹಾ ಆಯಿತು. ನಮ್ಮ ಹಿರಿಯ ದಾವಲ ಚಾಚಾ, ವಯಸ್ಸು ಐವತ್ತೆಂಟು, ಲೋಟ ಎತ್ತಿ “ಪಾರಾದ” ಎಂದರು. ನೀಲವ್ವ ಏಲಕ್ಕಿ ಹೆಚ್ಚು ಹಾಕಿದ್ದಳು. ಆರನೆಯ ಕಂಬ ಕಲ್ಮೇಶನಿಗೆ ಬಂತು. ಅವನು ಕಂಬಕ್ಕೆ ನಮಸ್ಕಾರ ಮಾಡಿ, “ದೇವ್ರೇ, ಮೊದಲಿನವಗ ಕೊಟ್ಟ ಗಿರಾಕಿಗಳನ್ನ ನನಗ ಕೊಡಬ್ಯಾಡ, ಅವರೆಲ್ಲಾ ಮುದುಕರು” ಎಂದ. ನಾನೂ ಒಂದು ಲೋಟ ಕುಡಿದೆ. ಸಂತೋಷದಿಂದಲೇ ಕುಡಿದೆ.

ಮರುದಿನ ಮುಚ್ಚುಹೊತ್ತಿನಲ್ಲಿ ಕೂರುಮನೆಯ ನೆಲದ ಮೇಲೆ ಮಲಗಿದ್ದೆ. ನಿದ್ರೆ ಬರಲಿಲ್ಲ. ಉರಿತಿಂಗಳಲ್ಲಿ ಅಂಚೆ ಹತ್ತು ದಿನಕ್ಕೊಮ್ಮೆ ಹೋಗುತ್ತದೆ. ಯಮನೂರನ ಪತ್ರ ಇನ್ನೂ ಗೋಡೆಯ ಚೀಲದಲ್ಲೇ ಇತ್ತು. ಊರಿಗೆ ಹೊರಟವನು ಊರಿಗೆ ಪತ್ರ ಬರೆಸುವುದೇಕೆ ಎಂದು ಮೊದಲು ಅನ್ನಿಸಿತು. ಬೇರೆ ಕಡೆ ಹೊರಟಿದ್ದರೆ ಅಕ್ಕನಿಗೆ ಹೊಸ ವಿಳಾಸ ಕೊಡುತ್ತಿರಲಿಲ್ಲವೇ ಎಂದು ಆಮೇಲೆ ಅನ್ನಿಸಿತು. ನಂತರ, ನಾನು ಹೊಗಳಿದ ಆ ಪತ್ರದಲ್ಲಿ ಏನು ಇರಲಿಲ್ಲ ಎಂಬುದು ಹೊಳೆಯಿತು. ಎದ್ದು ಕೂತೆ.

ಯಮನೂರನ ಕೋಣೆ ಎಲ್ಲಿ ಎಂದು ಗೊತ್ತಿದ್ದವರು ದಾವಲ ಚಾಚಾ ಒಬ್ಬರೇ. ಅವರು ಬಿಸಿಲು ಕಳೆಯಲು ನೀಲವ್ವನ ಅಂಗಡಿಯ ಹಿಂದಿನ ನೆಲಮಾಳಿಗೆಯಲ್ಲಿ ಮಲಗುತ್ತಿದ್ದರು. ಕಲ್ಮೇಶನೂ ಅಲ್ಲೇ ಇದ್ದ. ನಾನು ಗೋಡೆಯ ನೆರಳು ಹಿಡಿದು ಅಲ್ಲಿಗೆ ಹೋಗಿ, ಯಮನೂರಣ್ಣನ ಕೋಣೆ ತೋರಿಸಿ ಎಂದೆ.

ಚಾಚಾ ಕಣ್ಣು ಬಿಟ್ಟು ನನ್ನನ್ನು ನೋಡಿದರು. “ಪಾರಾದವನ ಹೆಸರ ತಗೀಬ್ಯಾಡ್ರಿ.”

“ಚಾಚಾ, ಒಂದು ಸಲ ನೋಡಿ ಬರೋಣ.”

“ನಿಮಗ ಗೊತ್ತಿಲ್ಲ ಮಾಸ್ತರ. ಹದಿನೆಂಟ ವರ್ಷದ ಹಿಂದ ನಾನೂ ಹಿಂಗ ಒಬ್ಬನ್ನ ನೋಡಾಕ ಹೋಗಿದ್ದೆ. ಬಾಗಲಾ ತಗದಾಕಿ ಅವನ ಹೇಣ್ತಿ. ನೀವ್ಯಾರು, ಹೆಂಗ ಪರಿಚಯ, ಎಲ್ಲಿ ಪರಿಚಯ? ಒಂದಕ್ಕೂ ನನ್ನ ಬಾಯಾಗ ಉತ್ತರ ಬರಲಿಲ್ಲ. ಆ ಮನಿ ಒಡೀತು. ನನ್ನಿಂದ ಒಡೀತು. ತಿಳೀತಿಲ್ಲೋ?”

ಕಲ್ಮೇಶ ಚಾಪೆಯಿಂದಲೇ, “ಮಾಸ್ತರ ಬಿಸಲಾಗ ಬಂದಾರ, ತಲಿಗೆ ಏರೇತಿ. ಒಂದ ಚಂಬು ನೀರ ಸುರವ್ರಿ” ಎಂದ.

ನಾನು ಸಾಮಾನ್ಯವಾಗಿ ಇಷ್ಟಕ್ಕೆ ತಿರುಗಿ ಹೋಗುವವನು. ಆ ದಿನ ಹೋಗಲಿಲ್ಲ. ಆದರೆ ಪತ್ರದಲ್ಲಿದ್ದದ್ದನ್ನು ಹೇಳುವಂತಿರಲಿಲ್ಲ. ಇಲ್ಲದ್ದನ್ನು ಹೇಳಬಾರದೆಂದು ನಾನು ಪ್ರಮಾಣ ಮಾಡಿರಲಿಲ್ಲ.

“ಚಾಚಾ, ಯಮನೂರಣ್ಣ ಹೋದ ವಾರ ಅಕ್ಕನಿಗೆ ಪತ್ರ ಬರೆಸಿದ. ಅದರಲ್ಲಿ ಊಟದ ಸುದ್ದಿ ಒಂದು ಸಾಲೂ ಇರಲಿಲ್ಲ.”

ಕಲ್ಮೇಶ ಎದ್ದು ಕೂತ. “ಒಂದ ಸಾಲೂ?” ಎಂದ.

“ಒಂದೂ ಇಲ್ಲ.”

ದಾವಲ ಚಾಚಾ ಗೂಟದ ಮೇಲಿನ ಒದ್ದೆಕೊಪ್ಪೆ ತೆಗೆದು ಹಂಡೆಯಲ್ಲಿ ಅದ್ದಿದರು. ಒದ್ದೆಕೊಪ್ಪೆ ಎಂದರೆ ಮುಚ್ಚುಹೊತ್ತಿನಲ್ಲಿ ಅನಿವಾರ್ಯವಾಗಿ ಹೊರಗೆ ಹೋಗುವವರು ತಲೆಯಿಂದ ಮೊಣಕಾಲಿನವರೆಗೆ ಹಾಕಿಕೊಳ್ಳುವ ನೀರು ನೆನೆಸಿದ ದಪ್ಪ ಬಟ್ಟೆ. ಅದು ಒಣಗುವಷ್ಟರಲ್ಲಿ ನೆರಳು ಸೇರಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ. ಮೂವರೂ ಒಂದೊಂದು ಹೊದ್ದು ಹೊರಬಿದ್ದೆವು. ಮುಚ್ಚಿದ ಬೀದಿಯ ನಡುವೆ, ನೆರಳಿಲ್ಲದೆ, ನಾನು ಅಲ್ಲಿಯವರೆಗೆ ನಡೆದಿರಲಿಲ್ಲ. ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಒಂದು ನಾಯಿಯೂ ಇರಲಿಲ್ಲ. ಮಾತಿನ ಮಲ್ಲ ಕಲ್ಮೇಶ ದಾರಿಯುದ್ದಕ್ಕೂ ಒಂದೇ ಮಾತಾಡಿದ. “ಬಸ್ಸಿನ ಮಾತ ನಾ ಆಡಬಾರದಿತ್ತು” ಎಂದ. ಚಾಚಾ, “ಸುಮ್ನ ನಡೀ, ಗಾಳಿ ಕುಡೀಬ್ಯಾಡ” ಎಂದರು.

ಹತ್ತಿಯ ಹಳೆಯ ಗೋದಾಮಿನ ಹಿಂದೆ ತಗಡಿನ ಸಾಲುಕೋಣೆಗಳು. ನಾಲ್ಕನೆಯದು ಯಮನೂರನದು. ಹೊರಗೆ ಬೀಗ ಇರಲಿಲ್ಲ. ಚಾಚಾ ಬಾಗಿಲು ಬಡಿದರು. ಉತ್ತರವಿಲ್ಲ. ಮತ್ತೆ ಬಡಿದರು. ಗೋಡೆಗೆ ಒರಗಲು ಹೋಗಿ ನಾನು ಕೈ ಸುಟ್ಟುಕೊಂಡೆ. ಕೊಪ್ಪೆಯ ಅಂಚುಗಳು ಒಣಗಿ ಗಟ್ಟಿಯಾಗತೊಡಗಿದವು. ಕಲ್ಮೇಶ, “ಇಲ್ಲ ಬಿಡ್ರಿ, ಹೋಗ್ಯಾನ. ಖರೇನ ಪಾರಾಗ್ಯಾನ. ನಡೀರಿ, ನಾವ ಮೂರೂ ಮಂದಿ ಇಲ್ಲೇ ಹಪ್ಪಳ ಆಗ್ತೇವಿ” ಎಂದ. ಅವನ ದನಿಯಲ್ಲಿ ಬೇಡಿಕೆ ಇತ್ತು, ತಾನು ಹೇಳಿದ್ದು ನಿಜವಾಗಲಿ ಎಂಬ ಬೇಡಿಕೆ. ಬಾಗಿಲು ಮುರಿಯೋಣವೇ ಎಂದು ನಾನು ಕೇಳಿದೆ. ಚಾಚಾ ತಲೆಯಾಡಿಸಿ, ಬಾಯನ್ನು ಬಾಗಿಲ ಸಂದಿಗೆ ತಂದು ಮೆಲ್ಲಗೆ, “ಯಮನೂರಾ, ನಾ ದಾವಲ ಅದೇನಿ. ಗಡಬಡ ಇಲ್ಲ. ನಿಂತೇವಿ” ಎಂದರು. ಎಷ್ಟು ಹೊತ್ತು ನಿಂತೆವೋ ತಿಳಿಯದು. ಕೊಪ್ಪೆ ಪೂರ್ತಿ ಒಣಗಿ ಕಣ್ಣು ಮಂಜಾಗುವ ಹೊತ್ತಿಗೆ ಚಿಲಕ ಸರಿದ ಸದ್ದು ಕೇಳಿತು.

ಅವನು ಬದುಕಿದ್ದ. ಗಡ್ಡ ಬೆಳೆದು ಕಣ್ಣು ಒಳಸೇರಿದ್ದವು. ಒಳಗೆ ಚಾಪೆ ಬಿಟ್ಟರೆ ಏನೂ ಹರಡಿರಲಿಲ್ಲ. ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ್ದ, ಬಟ್ಟೆಗಳನ್ನು ಮಡಿಚಿ ಟ್ರಂಕಿನ ಮೇಲೆ ಇಟ್ಟಿದ್ದ. ಆ ಅಚ್ಚುಕಟ್ಟು ನೋಡಿ ನನಗೆ ಭಯವಾಯಿತು. ನಮ್ಮನ್ನು ನೋಡಿ ಅವನಿಗೆ ಸಿಟ್ಟು ಬಂತು.

“ಯಾಕ ಬಂದ್ರಿ? ನನ್ನ ಚಾ ಕುಡದೀರಿ ಹೌದಲ್ಲೋ?”

ಚಾಚಾ ಒಳಗೆ ಬಂದು ಚಾಪೆಯ ಅಂಚಿಗೆ ಕೂತರು.

“ನಾ ಇಲ್ಲೇ ಮಕ್ಕೊಂಡ ದಿನಾ ಎಣಿಸಾಕತ್ತಿದ್ದೆ. ಮೂರನೇ ದಿನ ಯಾರರ ಬರ್ತಾರೇನು ಅನ್ನಿಸ್ತು. ಹುಚ್ಚ, ನಮ್ಮ ಪದ್ಧತ್ಯಾಗ ಎಲ್ಲೈತಿ ಬರೂದು? ಐದನೇ ದಿನಾ ಸಂಜಿಗೆ, ಈಗ ಕುಡ್ಯಾಕತ್ತಾರ ಅಂದ್ಕೊಂಡೆ. ಎಲ್ಲಾರೂ ನಗಾಕತ್ತಿರ್ತಾರ. ಅಲ್ಲಿಗೆ ನಾ ಇಲ್ಲ ಅಂತ ಎಲ್ಲಾರೂ ಒಪ್ಪಿದಂಗಾತು.”

ಅಣ್ಣಂದಿರೇ, ನಿಮ್ಮ ಚಹಾದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದನ್ನೇ ನಿಮಗೆ ತಲುಪಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ನೀವು ಹರಸಿದ್ದು ಅವನಿಗೆ ಹಾಗೆ ಕೇಳಿಸಿತು.

ಕಲ್ಮೇಶ ಅಳುವುದನ್ನು ನಾನು ಆ ದಿನ ನೋಡಿದೆ. ಅಳುತ್ತಲೇ ಬೈಯುತ್ತಿದ್ದ. “ನಿನ್ನ ಜಾಗಾ ನನಗ ಬ್ಯಾಡೋ ಮಾರಾಯಾ. ಒಂದ ದಿನಾ ನಿಂತೇನಿ, ಸೊಳ್ಳಿ ಕಡದ ಕಡದ ಕಾಲ ನೋಡಿಲ್ಲೆ. ಹತ್ತ ವರ್ಷಾ ಅಲ್ಲಿ ಹೆಂಗ ನಿಂತಿ ನೀ, ಮನಷ್ಯಾನೋ ಗೂಟಾನೋ?” ಯಮನೂರ ಅವನ ಕಾಲು ನೋಡಿದ. ನಿಜವಾಗಿ ಬಗ್ಗಿ ನೋಡಿದ. “ಬೇವಿನೆಣ್ಣಿ ಹಚ್ಚಬೇಕಲೇ, ಹಂಗ ನಿಂತ್ರ ಕಡೀತಾವು” ಎಂದ. ದಾವಲ ಚಾಚಾ ಅಷ್ಟರಲ್ಲಿ ಬೋರಲು ಹಾಕಿದ್ದ ಪಾತ್ರೆಯೊಂದನ್ನು ಎತ್ತಿ ಒಲೆಯ ಮೇಲೆ ಇಟ್ಟು ನೀರು ಹಾಕಿದರು. ಡಬ್ಬಿಯಲ್ಲಿ ಒಂದು ಹಿಡಿ ಅಕ್ಕಿ ಇತ್ತು. ಗಂಜಿ ಆಗುವವರೆಗೆ ಯಾರೂ ಅವನನ್ನು ಏನೂ ಕೇಳಲಿಲ್ಲ. ಆಗಲೂ ಅವನು ನಾಲ್ಕೇ ತುತ್ತು ಉಂಡ. ಐದು ಗಂಟೆಗೆ ಬೀದಿ ತೆರೆದ ಮೇಲೆ ನಡುವೆ ಹಿಡಿದುಕೊಂಡು ಕೂರುಮನೆಗೆ ಕರೆತಂದೆವು. ಡಾಕ್ಟರು ಅವನ ಮಣಿಕಟ್ಟನ್ನು ನೋಡುವುದರಿಂದ ಶುರು ಮಾಡಿದರು. ನಾನು ಪತ್ರವನ್ನು ಚೀಲದಿಂದ ತೆಗೆದು ಅವನ ಕೈಗೆ ಕೊಟ್ಟೆ. ಹರಿದದ್ದು ಅವನೇ.

ಒಂದು ಮಧ್ಯಾಹ್ನದಲ್ಲಿ ಎಲ್ಲ ಸರಿಹೋಯಿತು ಎಂದು ನಾನು ಬರೆದರೆ ನೀವು ನಂಬಬಾರದು. ಎರಡು ತಿಂಗಳು ಅವನು ಕೂರುಮನೆಯ ಗೋಡೆಗೆ ಒರಗಿ ಕೂತಿರುತ್ತಿದ್ದ. ಮಾತ್ರೆಗಳಿಂದ ಬಾಯಿ ಒಣಗುತ್ತದೆ ಎಂದು ದೂರುತ್ತಿದ್ದ. ನಡುವೆ ಒಂದು ವಾರ ಮತ್ತೆ ಕೆಳಕ್ಕೆ ಇಳಿದ, ಆಗ ಸರದಿಯ ಮೇಲೆ ಒಬ್ಬೊಬ್ಬರಾಗಿ ಅವನ ಹತ್ತಿರ ಮಲಗಿದೆವು. ಮೂರನೆಯ ತಿಂಗಳು ಒಂದು ದಿನ, ನಾನು ಬೇರೆಯವರ ಪತ್ರಕ್ಕೆ ಅಂಟು ಹಚ್ಚುತ್ತಿದ್ದಾಗ, ತಾನಾಗಿಯೇ ಹೇಳಿದ. ತುಟಿ ಒಡೆದ ಆ ದಿನ ಗಿರಾಕಿ ಒಬ್ಬನೇ ಬಂದು ಕರೆದೊಯ್ದಿದ್ದ, ಅಲ್ಲಿ ಇನ್ನಿಬ್ಬರು ಇದ್ದರು. “ಹೆಣ್ಣಮಗಳಿಗೆ ಹಿಂಗ ಆತು ಅಂದ್ರ ಮಂದಿಗೆ ತಿಳೀತೈತಿ. ಗಂಡಸಗ ಆತು ಅಂದ್ರ ಮೊದಲ ನಗ್ತಾರ. ನಗೂ ಮೊದಲ ನಾನ ನಕ್ಕ ಬಿಟ್ಟೆ” ಎಂದ. ದೂರು ಕೊಡಲು ಮತ್ತೆ ಒಂದು ತಿಂಗಳು ಬೇಕಾಯಿತು. ಕೊಟ್ಟ. ಕಲ್ಮೇಶ ಜೊತೆಗೆ ಹೋಗಿ, ಬಸ್ಸಿನ ಸುಳ್ಳಿಗೆ ತಾನು ನಕ್ಕದ್ದನ್ನೂ ಹೇಳಿಕೆಯಲ್ಲಿ ಬರೆಸಿ ಬಂದ. ವಿಚಾರಣೆ ನಡೆಯುತ್ತಿದೆ.

ಪದ್ಧತಿಯನ್ನು ಏನು ಮಾಡುವುದೆಂದು ನೀಲವ್ವನ ಅಂಗಡಿಯಲ್ಲಿ ದೊಡ್ಡ ಜಗಳವಾಯಿತು. ಚಹಾ ನಿಲ್ಲಿಸಬೇಕೆಂದು ಕೆಲವರು. ಕೋಣೆಗಳಿಗೆ ಹೋಗಿ ನೋಡಿದರೆ ಮನೆಗಳು ಒಡೆಯುತ್ತವೆ ಎಂದು ದಾವಲ ಚಾಚಾ. ಅವರ ಮಾತಿನಲ್ಲೂ ಸತ್ಯವಿತ್ತು. ದಾರಿ ಹುಡುಕಿದವನು ಯಮನೂರ. “ಉಪ್ಪಿನಕಾಯಿ ಮಾರಾಕ ಹೋಗ್ರಿ” ಎಂದ. “ಉಪ್ಪಿನಕಾಯಿ ಮಾರಾವ ಯಾರ ಮನಿಗೂ ಹೋಗ್ತಾನ. ಹೇಣ್ತಿ ಬಾಗಲಾ ತಗದ್ರ ಉಪ್ಪಿನಕಾಯಿ ಬೇಕೇನ್ರಿ ಅನ್ನೂದು. ಅವ ಒಳಗ ಚಂದಾಗಿ ಅದಾನ ಅಂದ್ರ ನೋಡಿ ಹೊಳ್ಳಿ ಬರೂದು.” ಹೀಗೆ, ಯಾರಾದರೂ ಮೂರು ದಿನ ಬರದಿದ್ದರೆ ಇಬ್ಬರು ಬುಟ್ಟಿ ಹೊತ್ತು ಹೋಗುತ್ತಾರೆ. ಹೋಗಬೇಕಾದ ಜಾಗ ಗೊತ್ತಿರಬೇಕಲ್ಲ, ಅದಕ್ಕೆ ಪ್ರತಿಯೊಬ್ಬನೂ ತನ್ನ ಮನೆಯ ದಾರಿಯನ್ನು ತಾನು ಆರಿಸಿದ ಒಬ್ಬನಿಗೆ ಮಾತ್ರ ಹೇಳಿರುತ್ತಾನೆ. ನೋಡಿ ಬಂದ ಮೇಲೆ, ನಿಜವಾಗಿ ಪಾರಾಗಿದ್ದರೆ, ಚಹಾ.

ಈ ಒಂದು ವರ್ಷದಲ್ಲಿ ಹನ್ನೊಂದು ಬಾಗಿಲುಗಳಿಗೆ ಹೋಗಿದ್ದೇವೆ. ಏಳು ಜನ ಜ್ವರದಿಂದಲೋ ಬೇಸರದಿಂದಲೋ ಮಲಗಿದ್ದರು. ಇಬ್ಬರನ್ನು ಕೂರುಮನೆಗೆ ಕರೆತರಬೇಕಾಯಿತು, ಇಬ್ಬರೂ ಈಗ ಚೇತರಿಸಿಕೊಂಡಿದ್ದಾರೆ. ಇನ್ನಿಬ್ಬರು ನಿಜವಾಗಿಯೂ ಪಾರಾಗಿದ್ದರು. ಅವರಲ್ಲಿ ಒಬ್ಬ ಹೆಂಡತಿಯ ಹಿಂದೆ ನಿಂತು ನಮ್ಮನ್ನು ನೋಡಿದ. ಮುಖ ಬಿಳಿಚಿಕೊಂಡಿತು. ಕಲ್ಮೇಶ ಅವನನ್ನು ನೋಡಲೇ ಇಲ್ಲ, ಹೆಂಡತಿಗೆ, “ಅಕ್ಕಾರ, ಮಾವಿನಕಾಯಿ ತಗೋರಿ, ನಿಮ್ಮ ಯಜಮಾನ್ರು ಬಾಯಿ ಚಪ್ಪರಿಸ್ತಾರ” ಎಂದ. ಆಕೆ ಬೇಡವೆಂದಳು. ಒಳಗಿನಿಂದ ಅವನು, “ಅರ್ಧಾ ಕಿಲೋ ತಗೋ” ಎಂದ. ಆ ದಿನದ ಚಹಾ ನಾನು ಕುಡಿದ ಚಹಾಗಳಲ್ಲೇ ರುಚಿಯಾದದ್ದು. ಉಪ್ಪಿನಕಾಯಿಗೆ ಎಷ್ಟು ಹೆಸರು ಬಂದಿದೆಯೆಂದರೆ ಯಾರೂ ಕಾಣೆಯಾಗದ ವಾರದಲ್ಲೂ ಜನ ಅಂಗಡಿಗೆ ಬಂದು ಕೇಳುತ್ತಾರೆ. ಅದನ್ನು ಹಾಕುವವನು ಯಮನೂರ. ವಾರದಲ್ಲಿ ಎರಡು ಸಂಜೆ ಗೋಡೆಗೆ ನಿಲ್ಲುತ್ತಾನೆ, ಉಳಿದ ದಿನ ಮೆಂತ್ಯ ಹುರಿಯುತ್ತಾನೆ. ಅಕ್ಕನಿಗೆ ಬರೆಸುವ ಪತ್ರ ಎರಡು ಹಾಳೆಗೆ ನಿಲ್ಲುತ್ತಿಲ್ಲ.

ನನ್ನ ಬೇಡಿಕೆ ಇಷ್ಟು. ಚಹಾ ನಿಲ್ಲಿಸಬೇಡಿ, ಅದು ಒಳ್ಳೆಯ ಪದ್ಧತಿ. ಆದರೆ ಅದಕ್ಕೆ ಮೊದಲು ಹೋಗಿ ನೋಡಿ. ನೀವು ಇರುವ ಕಾಲದಲ್ಲಿ ಕೂರುಮನೆ ಇಲ್ಲದಿರಬಹುದು, ಕಾಯಿದೆ ನಿಮ್ಮ ಕಡೆ ಇಲ್ಲದಿರಬಹುದು, ಪೊಲೀಸರನ್ನು ಕಂಡರೆ ಓಡಬೇಕಾಗಿರಬಹುದು. ಬಾಗಿಲು ಬಡಿಯಲು ಇವು ಯಾವುವೂ ಅಡ್ಡ ಬರುವುದಿಲ್ಲ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ, ಏಕೆಂದರೆ ನೀವು ನಮಗಿಂತ ಹೆಚ್ಚು ಕಷ್ಟದಲ್ಲಿದ್ದೂ ಒಬ್ಬರಿಗೊಬ್ಬರು ಒಳ್ಳೆಯದನ್ನು ಬಯಸುವ ಪದ್ಧತಿಯೊಂದನ್ನು ಮಾಡಿ, ನೂರಿಪ್ಪತ್ತು ವರ್ಷ ಉಳಿಯುವಷ್ಟು ಗಟ್ಟಿಯಾಗಿ ಮಾಡಿದವರು.

ಇಷ್ಟಕ್ಕೆ ಮುಗಿಸಿ ಈ ಪತ್ರವನ್ನು ಯಮನೂರನಿಗೆ ಓದಿ ಹೇಳಿದೆ. ಅವನ ಹೆಸರು, ಅವನ ಕಥೆ ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದ. ಮೆಂತ್ಯ ಹುರಿಯುತ್ತಾ ಕೇಳಿದ. ಚಂದ ಬಂದಿದೆ ಎನ್ನಲಿಲ್ಲ. ಒಂದು ಮಾತು ಬಿಟ್ಟುಹೋಗಿದೆ, ಅದನ್ನು ಕೊನೆಗೆ ಸೇರಿಸಬೇಕು ಎಂದ. ಅವನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ, ಈ ಸಲ ಏನನ್ನೂ ತಿದ್ದಿಲ್ಲ:

“ಬಾಗಲಾ ತಗಿಯಾಕ ಹೊತ್ತ ಹಿಡಿತೈತಿ ಅಂತ ಬರೀರಿ ಮಾಸ್ತರ. ಲಗೂನ ಹೊಳ್ಳಿ ಹೋಗಬ್ಯಾಡ್ರಿ ಅನ್ರಿ. ಅವತ್ತ ನೀವು ಹೊರಗ ನಿಂತಾಗ ನಾ ಮೂರ ಸಲ ಎದ್ದ ಚಿಲಕದ ತನಕಾ ಬಂದಿದ್ದೆ. ಮೂರೂ ಸಲ ಹೊಳ್ಳಿ ಹೋಗಿ ಮಕ್ಕೊಂಡೆ. ನಾಕನೇ ಸಲ ಬಂದಾಗ, ಇನ್ನೂ ಅದೀರೋ ಇಲ್ಲೋ ಅಂತ ಸಂದ್ಯಾಗಿಂದ ನೋಡಿದೆ. ಮೂರು ಜೋಡಿ ಕಾಲ ಕಂಡ್ವು.”